ಶತ್ರುದೇಶದ ಮಕ್ಕಳು



ಹಸಿದವನಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂದು ಎಲ್ಲ ಮತಗಳೂ ಸಾರುತ್ತವೆ. ಪರೋಪಕಾರವನ್ನು ಹೊಗಳದ ನಾಡಿಲ್ಲ. ಆದರೆ ಹಸಿದವನು ನಮ್ಮ ಹಗೆಯ ನಾಡಿನವನಾಗಿದ್ದರೆ? ಅವನ ಕಡೆಯವರು ನಿನ್ನೆಯವರೆಗೆ ನಮ್ಮ ಮನೆಯ ತರುಣರನ್ನು ರಣರಂಗದಲ್ಲಿ ಕೊಂದವರಾಗಿದ್ದರೆ? ಆಗಲೂ ಅನ್ನವಿಕ್ಕಬೇಕೆ? ಈ ಪ್ರಶ್ನೆಯು 1919ನೆಯ ಇಸವಿಯಲ್ಲಿ ಇಂಗ್ಲೆಂಡಿನ ಜನರ ಮುಂದೆ ಬಂದಿತು. ಅದಕ್ಕೆ ಇಬ್ಬರು ಅಕ್ಕತಂಗಿಯರು ಕೊಟ್ಟ ಉತ್ತರದಿಂದ ಒಂದು ಸೇವಾಸಂಸ್ಥೆ ಹುಟ್ಟಿತು. ಅದರ ಹೆಸರು ‘ಸೇವ್ ದಿ ಚಿಲ್ಡ್ರನ್ ಫಂಡ್’. ಅದನ್ನು ನಮ್ಮ ಮಾತಿನಲ್ಲಿ ‘ಮಕ್ಕಳ ರಕ್ಷಣಾನಿಧಿ’ ಎಂದು ಕರೆಯೋಣ. ಈ ನಿಧಿಯು ಹುಟ್ಟಿದ ಬಗೆಯೇನು, ಬೆಳೆದ ರೀತಿಯೇನು, ಅದರಿಂದ ಲೋಕವು ಕಲಿತ ಪಾಠವೇನು ಎಂಬುದನ್ನು ಸಂಗ್ರಹವಾಗಿ ನಿವೇದಿಸುವುದು ಈ ಭಾಷಣದ ಉದ್ದೇಶ.

ಮೊದಲನೆಯ ಮಹಾಯುದ್ಧವು 1918ನೆಯ ನವೆಂಬರ್ 11ರಂದು ನಿಂತಿತು. ಫಿರಂಗಿಗಳು ಸುಮ್ಮನಾದವು, ಆದರೆ ಯುದ್ಧಕಾಲದಲ್ಲಿ ಇಂಗ್ಲೆಂಡೂ ಅದರ ಮಿತ್ರರಾಜ್ಯಗಳೂ ಶತ್ರುಗಳ ಮೇಲೆ ಹಾಕಿದ್ದ ಸಮುದ್ರದ ದಿಗ್ಬಂಧನವು ಮಾತ್ರ ಸಡಿಲವಾಗಲಿಲ್ಲ. ಶತ್ರುಗಳು ಸಂಧಿಯ ಕರಾರುಗಳಿಗೆ ಒಪ್ಪಿ ರುಜು ಹಾಕುವವರೆಗೆ ಈ ಹಿಡಿತವನ್ನು ಬಿಡಕೂಡದೆಂಬುದು ಗೆದ್ದವರ ರಾಜನೀತಿಯಾಗಿತ್ತು. ವರ್ಸೇಲ್ಸಿನ ಒಪ್ಪಂದಕ್ಕೆ ರುಜು ಬಿದ್ದದ್ದು 1919ನೆಯ ಜೂನ್ 28ರಂದು. ಅಲ್ಲಿಯವರೆಗೆ ಏಳು ತಿಂಗಳಿಗೂ ಮಿಕ್ಕಿದ ಕಾಲ, ಯುದ್ಧವೂ ಅಲ್ಲದ ಶಾಂತಿಯೂ ಅಲ್ಲದ ಒಂದು ಅವಸ್ಥೆ. ಈ ಅವಸ್ಥೆಯಲ್ಲಿ ಹೆಚ್ಚಾಗಿ ನೊಂದವರು ಯುದ್ಧವನ್ನು ಹೂಡಿದ ಚಕ್ರವರ್ತಿಗಳೂ ಅಲ್ಲ, ಕಾದಿದ ಸೈನಿಕರೂ ಅಲ್ಲ, ತೊಟ್ಟಿಲ ಮಕ್ಕಳು.

ವಿಯೆನ್ನಾ ನಗರದ ಸ್ಥಿತಿಯನ್ನು ನೆನೆಯಿರಿ. ಅದು ದೊಡ್ಡದೊಂದು ಸಾಮ್ರಾಜ್ಯದ ರಾಜಧಾನಿಯಾಗಿದ್ದ ಪಟ್ಟಣ. ಸಂಗೀತಕ್ಕೂ ವೈದ್ಯವಿದ್ಯೆಗೂ ಹೆಸರಾದದ್ದು. ಅದಕ್ಕೆ ಹಂಗೆರಿಯಿಂದ ಧಾನ್ಯ ಬರುತ್ತಿತ್ತು, ಬೊಹೀಮಿಯಾ ಪ್ರಾಂತದ ಕಡೆಯಿಂದ ಕಲ್ಲಿದ್ದಲು ಬರುತ್ತಿತ್ತು. ಸಾಮ್ರಾಜ್ಯವು ಒಡೆದು ಹೋಳಾದಾಗ ಧಾನ್ಯ ಒಂದು ದೇಶಕ್ಕೂ ಕಲ್ಲಿದ್ದಲು ಮತ್ತೊಂದು ದೇಶಕ್ಕೂ ಸೇರಿಹೋದವು. ಸುಮಾರು ಇಪ್ಪತ್ತು ಲಕ್ಷ ಜನ ಬಾಳುತ್ತಿದ್ದ ನಗರದಲ್ಲಿ ಒಲೆ ಉರಿಯಲು ಸೌದೆಯಿಲ್ಲ, ಮಕ್ಕಳಿಗೆ ಹಾಲಿಲ್ಲ. ಅನೇಕ ಶಿಶುಗಳಿಗೆ ಎಲುಬು ಮೆತ್ತಗಾಗಿ ಕಾಲುಗಳು ಬಾಗುವ ರಿಕೆಟ್ಸ್ ರೋಗ ಅಂಟಿಕೊಂಡಿತು, ಕ್ಷಯವೂ ಹಬ್ಬಿತು. ಎರಡು ಮೂರು ವರ್ಷದ ಮಗು ಒಂದು ವರ್ಷದ ಕೂಸಿನಂತೆ, ತಲೆ ಮಾತ್ರ ದೊಡ್ಡದಾಗಿ ಕೈಕಾಲು ಕಡ್ಡಿಯಾಗಿ ಕಾಣುತ್ತಿತ್ತು.

ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಈ ಸಂಗತಿ ತಿಳಿದಿರಲಿಲ್ಲ. ಯುದ್ಧಕಾಲದ ಪತ್ರಿಕೆಗಳಲ್ಲಿ ಶತ್ರುವಿನ ಕ್ರೌರ್ಯಕ್ಕೆ ಸ್ಥಳವಿತ್ತೇ ಹೊರತು ಶತ್ರುವಿನ ಕಷ್ಟಕ್ಕೆ ಸ್ಥಳವಿರಲಿಲ್ಲ. ಈ ಕೊರತೆಯನ್ನು ಕಂಡವರು ಡೊರೊಥಿ ಬಕ್ಸ್‌ಟನ್ ಎಂಬಾಕೆ. ಆಕೆ ವಿದೇಶದ ಪತ್ರಿಕೆಗಳನ್ನು ತರಿಸಿಕೊಳ್ಳಲು ಸರ್ಕಾರದಿಂದ ಅಪ್ಪಣೆ ಪಡೆದು, ಅವುಗಳಲ್ಲಿನ ಮುಖ್ಯ ವಿಷಯಗಳನ್ನು ಭಾಷಾಂತರ ಮಾಡಿಸಿ, ‘ಕೇಂಬ್ರಿಜ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ 1915ರಿಂದ ವಾರವಾರವೂ ಪ್ರಕಟಿಸುತ್ತ ಬಂದರು. ಈ ಕೆಲಸದಲ್ಲಿ ಅನೇಕ ಮಂದಿ ಸ್ವಯಂಸೇವಕರು ಆಕೆಗೆ ಒತ್ತಾಸೆಯಾಗಿ ನಿಂತರು. ಅವರಲ್ಲಿ ಒಬ್ಬರು ಆಕೆಯ ಅಕ್ಕ, ಎಗ್ಲೆಂಟೈನ್ ಜೆಬ್.

ಜೆಬ್ ಅವರು ಹುಟ್ಟಿದ್ದು 1876ನೆಯ ಆಗಸ್ಟ್ 25ರಂದು, ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಎಲ್ಸ್‌ಮಿಯರ್ ಎಂಬ ಊರಿನಲ್ಲಿ. ಅನುಕೂಲಸ್ಥರ ಮನೆತನ. ಆಕ್ಸ್‌ಫರ್ಡಿನಲ್ಲಿ ಚರಿತ್ರೆಯನ್ನು ವ್ಯಾಸಂಗ ಮಾಡಿ, ಕೆಲವು ಕಾಲ ಶಾಲೆಯ ಉಪಾಧ್ಯಾಯಿನಿಯಾಗಿದ್ದರು. ಆ ವೃತ್ತಿ ತಮಗೆ ಒಗ್ಗುವುದಿಲ್ಲವೆಂದು ಕಂಡುಕೊಂಡು ಅದನ್ನು ಬಿಟ್ಟರು. ಮಕ್ಕಳ ರಕ್ಷಕಿಯೆಂದು ಹೆಸರಾದ ಈಕೆಗೆ ಮಕ್ಕಳ ಗಲಾಟೆ ಹಿಡಿಸುತ್ತಿರಲಿಲ್ಲ. ಮಕ್ಕಳನ್ನು ಮುದ್ದಿಸುವುದರಲ್ಲಿ ತಮಗೆ ಆಸಕ್ತಿಯಿಲ್ಲವೆಂಬುದನ್ನು ಆಕೆ ಎಂದೂ ಮರೆಮಾಡಲಿಲ್ಲ. ಈ ಸಂಗತಿಯನ್ನು ಕೇಳಿದವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಆದರೆ ಆಕೆಯ ಜೀವನದ ಮರ್ಮ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ನಮಗೆ ಪ್ರಿಯವಾದ ಮಗುವನ್ನು ಕಾಪಾಡುವುದು ಸ್ವಭಾವ. ನಮಗೆ ಏನೂ ಅಲ್ಲದ ಮಗುವನ್ನು ಕಾಪಾಡುವುದು ಧರ್ಮ. ಜೆಬ್ ಅವರನ್ನು ನಡೆಸಿದ್ದು ವಾತ್ಸಲ್ಯಕ್ಕಿಂತ ಹೆಚ್ಚಾಗಿ ನ್ಯಾಯಬುದ್ಧಿ.

ಉಪಾಧ್ಯಾಯವೃತ್ತಿಯನ್ನು ಬಿಟ್ಟಮೇಲೆ ಆಕೆ ಕೇಂಬ್ರಿಜಿನಲ್ಲಿ ಬಡವರ ಸ್ಥಿತಿಗತಿಗಳನ್ನು ಮನೆಮನೆಯಾಗಿ ವಿಚಾರಿಸಿ, 1906ರಲ್ಲಿ ಆ ನಗರದ ಸಾಮಾಜಿಕ ಸಮಸ್ಯೆಗಳನ್ನು ಕುರಿತು ಒಂದು ಗ್ರಂಥವನ್ನು ಬರೆದರು. ದಾನವೆಂಬುದು ಲೆಕ್ಕವಿಲ್ಲದ ಉದಾರತೆಯಾಗಬಾರದು, ವಿಚಾರಮಾಡಿ ನಡಸುವ ಕಾರ್ಯವಾಗಬೇಕು ಎಂಬ ಅಭ್ಯಾಸ ಆಕೆಗೆ ಅಲ್ಲಿ ಬಂದಿತು. 1913ರಲ್ಲಿ ಬಾಲ್ಕನ್ ಯುದ್ಧಗಳಿಂದ ನೊಂದ ಮ್ಯಾಸಿಡೋನಿಯಾಕ್ಕೆ ಹೋಗಿ, ಊರು ಬಿಟ್ಟು ಅಲೆಯುತ್ತಿದ್ದ ನಿರಾಶ್ರಿತರಿಗೆ ಸಹಾಯ ಹಂಚುವ ಕೆಲಸದಲ್ಲಿ ಸೇರಿದರು. ಯುದ್ಧ ನಿಂತ ಮಾತ್ರಕ್ಕೆ ಯುದ್ಧದ ದುಃಖ ನಿಲ್ಲುವುದಿಲ್ಲವೆಂಬುದನ್ನು ಆಕೆ ಕಣ್ಣಾರೆ ಕಂಡದ್ದು ಅಲ್ಲಿ.

1919ನೆಯ ಜನವರಿಯಲ್ಲಿ ಅಕ್ಕತಂಗಿಯರೂ ಅವರ ಸ್ನೇಹಿತರೂ ಸೇರಿ ‘ಕ್ಷಾಮವನ್ನು ಎದುರಿಸುವ ಮಂಡಲಿ’ಯೊಂದನ್ನು ಕಟ್ಟಿದರು. ದಿಗ್ಬಂಧನವನ್ನು ತೆಗೆಯಬೇಕೆಂದು ಸರ್ಕಾರವನ್ನು ಒತ್ತಾಯಪಡಿಸುವುದು ಅದರ ಗುರಿ. ಆ ವರ್ಷದ ವಸಂತದಲ್ಲಿ ಜೆಬ್ ಅವರು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತು ಹೋಗಿಬರುವವರಿಗೆ ಒಂದು ಕರಪತ್ರವನ್ನು ಹಂಚಿದರು. ಅದರಲ್ಲಿ ಹಸಿವಿನಿಂದ ಬಡಕಲಾದ ಆಸ್ಟ್ರಿಯಾದ ಒಂದು ಮಗುವಿನ ಚಿತ್ರವಿತ್ತು; ಇದಕ್ಕೆ ನಮ್ಮ ದಿಗ್ಬಂಧನವೇ ಕಾರಣವೆಂಬ ಒಕ್ಕಣೆಯಿತ್ತು. ಪರಿಶೋಧಕರ ಅಪ್ಪಣೆಯಿಲ್ಲದೆ ಇಂತಹ ಪತ್ರವನ್ನು ಹಂಚುವುದು ಯುದ್ಧಕಾಲದ ಕಾಯಿದೆಗೆ ವಿರುದ್ಧ. ಪೋಲೀಸಿನವರು ಆಕೆಯನ್ನು ಹಿಡಿದರು.

ಮೇ ತಿಂಗಳಲ್ಲಿ ವಿಚಾರಣೆ ನಡೆಯಿತು. ಜೆಬ್ ಅವರು ವಕೀಲರನ್ನು ಗೊತ್ತುಮಾಡದೆ ತಾವೇ ವಾದಿಸಿದರು. ಕಾಯಿದೆಯನ್ನು ಮೀರಿದ್ದು ನಿಜವೆಂಬುದನ್ನು ಅಲ್ಲಗಳೆಯಲಿಲ್ಲ. ಮಕ್ಕಳು ಸಾಯುತ್ತಿರುವಾಗ ಸುಮ್ಮನಿರುವುದು ಕಾಯಿದೆಗಿಂತ ದೊಡ್ಡದಾದ ಒಂದು ಧರ್ಮವನ್ನು ಮೀರಿದಂತೆ ಎಂಬುದು ಆಕೆಯ ವಾದದ ಸಾರ. ನ್ಯಾಯಾಲಯವು ಐದು ಪೌಂಡು ಜುಲ್ಮಾನೆ ವಿಧಿಸಿತು. ಸರ್ಕಾರದ ಪರವಾಗಿ ಆಕೆಯ ಮೇಲೆ ವಾದ ಹೂಡಿದ್ದವರು ಸರ್ ಆರ್ಚಿಬಾಲ್ಡ್ ಬಾಡ್ಕಿನ್ ಎಂಬ ಪ್ರಸಿದ್ಧ ನ್ಯಾಯವಾದಿಗಳು. ವಿಚಾರಣೆ ಮುಗಿದ ಮೇಲೆ ಅವರು ಆಕೆಯ ಬಳಿಗೆ ಬಂದು ತಮ್ಮ ಕೈಯಿಂದಲೇ ಐದು ಪೌಂಡನ್ನು ಕೊಟ್ಟರು. ಮಕ್ಕಳ ರಕ್ಷಣಾನಿಧಿಗೆ ಬಂದ ಮೊದಲನೆಯ ಕಾಣಿಕೆ ಅದೇ ಎಂದು ಸಂಸ್ಥೆಯವರು ಹೇಳಿಕೊಳ್ಳುತ್ತಾರೆ. ಆರೋಪ ಹೊರಿಸಿದವರೇ ಮೊದಲ ದಾನಿಗಳಾದ ಪ್ರಸಂಗ ಸೇವಾಸಂಸ್ಥೆಗಳ ಚರಿತ್ರೆಯಲ್ಲಿ ಅಪರೂಪವಾದದ್ದು.

ಅದೇ ಮೇ ತಿಂಗಳ 19ರಂದು ಲಂಡನ್ನಿನ ಆಲ್ಬರ್ಟ್ ಹಾಲ್ ಎಂಬ ವಿಶಾಲವಾದ ಸಭಾಮಂದಿರದಲ್ಲಿ ಸಾರ್ವಜನಿಕ ಸಭೆ ಸೇರಿತು. ಸಭೆಗೆ ಬಂದವರೆಲ್ಲರೂ ಸಹಾನುಭೂತಿಯಿಂದ ಬಂದವರಲ್ಲ. ಶತ್ರುಗಳ ಪಕ್ಷ ಹಿಡಿಯುವ ದೇಶದ್ರೋಹಿಗಳ ಮೇಲೆ ಎಸೆಯುವುದಕ್ಕೆಂದು ಕೊಳೆತ ಹಣ್ಣುಗಳನ್ನು ತಂದವರೂ ಇದ್ದರೆಂದು ಹೇಳುತ್ತಾರೆ. ಆ ಗುಂಪಿನ ಮುಂದೆ ಅಕ್ಕತಂಗಿಯರು ಮಕ್ಕಳ ಹಸಿವಿನ ಮಾತನ್ನು ಎತ್ತಿದರು. ಸಭೆ ಮುಗಿಯುವ ಹೊತ್ತಿಗೆ ನಿಧಿ ಸ್ಥಾಪನೆಯಾಗಿತ್ತು. ರಾಜಕೀಯ ವಾದವನ್ನು ಮಂಡಲಿಗೆ ಬಿಟ್ಟು, ಹಸಿದ ಮಕ್ಕಳಿಗೆ ಹಣ ಕೂಡಿಸುವುದೊಂದನ್ನೇ ಈ ನಿಧಿಯು ತನ್ನ ವ್ರತವಾಗಿ ಇಟ್ಟುಕೊಂಡಿತು. ಸಂಧಿಯ ಕರಾರುಗಳ ವಿಚಾರದಲ್ಲಿ ಜನಕ್ಕೆ ನೂರು ಅಭಿಪ್ರಾಯ; ಹಸಿದ ಶಿಶುವಿನ ವಿಚಾರದಲ್ಲಿ ಒಂದೇ ಅಭಿಪ್ರಾಯ ಸಾಧ್ಯ. ಈ ವಿಂಗಡಣೆಯ ಹಿಂದೆ ಒಳ್ಳೆಯ ವಿವೇಕವಿತ್ತು.

ಆರಂಭದಲ್ಲಿ ನಿಧಿಗೆ ಸ್ವಂತ ಅಡಿಗೆಮನೆಗಳಿರಲಿಲ್ಲ. ಕೂಡಿದ ಹಣವನ್ನು, ಆಗಲೇ ಯೂರೋಪಿನಲ್ಲಿ ಸೇವೆ ನಡಸುತ್ತಿದ್ದ ಕ್ವೇಕರ್ ಪಂಥದವರೇ ಮೊದಲಾದವರಿಗೆ ಹಂಚಿಕೊಡುತ್ತಿದ್ದರು. ಜೆಬ್ ಅವರು ಗೌರವ ಕಾರ್ಯದರ್ಶಿಗಳಾಗಿ ದುಡಿದರು. ಹಣ ಕೂಡಿಸುವ ವಿಷಯದಲ್ಲಿ ಆಕೆ ಹೊಸ ಮಾರ್ಗವನ್ನು ಹಿಡಿದರು. ವೃತ್ತಪತ್ರಿಕೆಗಳಲ್ಲಿ ಇಡೀ ಪುಟದ ಜಾಹಿರಾತುಗಳನ್ನು ಚಿತ್ರಸಮೇತವಾಗಿ ಹಾಕಿಸಿದರು. ಧರ್ಮಕಾರ್ಯಕ್ಕೆ ಅಂಗಡಿಯವರ ಹಾಗೆ ಜಾಹಿರಾತೇ, ಅದಕ್ಕೆ ಇಷ್ಟು ಖರ್ಚೇ ಎಂದು ಒಳಗಿನವರೇ ಆಕ್ಷೇಪಿಸಿದರು. ಆದರೆ ಹಣ ಬಂದಿತು. 1921ನೆಯ ಆಗಸ್ಟಿನ ಹೊತ್ತಿಗೆ ಇಂಗ್ಲೆಂಡಿನ ನಿಧಿಯೊಂದೇ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಸಂಗ್ರಹಿಸಿತ್ತು.

ಧರ್ಮಗುರುಗಳ ಬೆಂಬಲವನ್ನು ಪಡೆದ ಕಥೆಯೂ ಸ್ವಾರಸ್ಯವಾಗಿದೆ. ಆಂಗ್ಲ ಚರ್ಚಿನ ಮುಖ್ಯಸ್ಥರಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರು ಮೊದಲು ಹಿಂದೆಗೆದರು. ಪ್ರಾಟೆಸ್ಟಂಟ್ ಮನೆತನದ ಈ ಮಹಿಳೆ ಆಗ ನೇರವಾಗಿ ರೋಮಿನ ಪೋಪರಿಗೆ ಬರೆದುಕೊಂಡರು. ಹದಿನೈದನೆಯ ಬೆನೆಡಿಕ್ಟ್ ಪೋಪರು ಆಕೆಯನ್ನು ಬರಮಾಡಿಕೊಂಡು ಮಾತನಾಡಿಸಿದರು. 1919ನೆಯ ಡಿಸೆಂಬರ್ 28ರಂದು ಕ್ಯಾಥೊಲಿಕ್ ದೇವಾಲಯಗಳಲ್ಲಿ ಯೂರೋಪಿನ ಹಸಿದ ಮಕ್ಕಳಿಗಾಗಿ ಕಾಣಿಕೆ ಎತ್ತಬೇಕೆಂದು ಆಜ್ಞೆ ಮಾಡಿದರು. ಆ ದಿನವು ಹೆರೋದ್ ದೊರೆಯು ಕೊಲ್ಲಿಸಿದನೆಂದು ಕ್ರೈಸ್ತರು ನಂಬುವ ಬೆತ್ಲೆಹೇಮಿನ ಕೂಸುಗಳ ಸ್ಮರಣೆಯ ದಿನ. ಆಂಗ್ಲ ಚರ್ಚು ಮೊದಲಾದ ಇತರ ಪಂಗಡಗಳೂ ಕೈಗೂಡಿಸಿದವು. ಸಿದ್ಧಾಂತದ ವಿಷಯದಲ್ಲಿ ಶತಮಾನಗಳಿಂದ ಕಾದಾಡಿದವರು ಹಾಲಿನ ಬಟ್ಟಲಿನ ವಿಷಯದಲ್ಲಿ ಒಂದಾದರು.

1920ನೆಯ ಜನವರಿ 6ರಂದು ಜಿನೀವಾ ನಗರದಲ್ಲಿ, ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಆಶ್ರಯದಲ್ಲಿ, ಮಕ್ಕಳ ರಕ್ಷಣೆಗಾಗಿ ಒಂದು ಅಂತರರಾಷ್ಟ್ರೀಯ ಒಕ್ಕೂಟವು ಏರ್ಪಟ್ಟಿತು. ಸ್ವೀಡನ್ನಿನಲ್ಲಿ 1919ರಲ್ಲಿಯೇ ಇಂತಹ ಸಂಘ ಹುಟ್ಟಿತ್ತು; ಇತರ ದೇಶಗಳಲ್ಲಿಯೂ ಹುಟ್ಟಿದವು. ನೆರವು ಕೊಡುವ ದೇಶದ ಸಂಘವೂ ನೆರವು ಪಡೆಯುವ ದೇಶದ ಸಂಘವೂ ಒಂದೇ ಒಕ್ಕೂಟದಲ್ಲಿ ಸಮಾನರಾಗಿ ಕುಳಿತುಕೊಳ್ಳಬೇಕೆಂಬುದು ಅದರ ವಿಶೇಷ. ದಾನಿಯು ಮೇಲೆ, ದೀನನು ಕೆಳಗೆ ಎಂಬ ಭೇದವನ್ನು ಅಳಿಸುವ ಪ್ರಯತ್ನವದು.

ಮಧ್ಯ ಯೂರೋಪಿನ ಮಕ್ಕಳ ಸ್ಥಿತಿ ಸ್ವಲ್ಪ ಸುಧಾರಿಸುತ್ತಿದ್ದ ಹಾಗೆಯೇ ಅದಕ್ಕಿಂತ ಭಯಂಕರವಾದ ವಿಪತ್ತು ಮತ್ತೊಂದು ಕಡೆ ಎದ್ದಿತು. 1921ರಲ್ಲಿ ರಷ್ಯಾದ ವೋಲ್ಗಾ ನದಿಯ ಪ್ರಾಂತಗಳಲ್ಲಿ ಮಳೆ ಕೈಕೊಟ್ಟಿತು. ಅದಕ್ಕೆ ಮೊದಲೇ ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧಗಳಿಂದ ರೈತರು ಬಸವಳಿದಿದ್ದರು. ಅಧಿಕಾರಿಗಳು ಬಲವಂತವಾಗಿ ಧಾನ್ಯವನ್ನು ಒಯ್ದಿದ್ದುದರಿಂದ ಬಿತ್ತನೆಯ ಬೀಜವೂ ಉಳಿದಿರಲಿಲ್ಲ. ಈ ಬರದಲ್ಲಿ ಸತ್ತವರು ಸುಮಾರು ಐವತ್ತು ಲಕ್ಷವೆಂದು ಎಣಿಕೆ ಹಾಕುತ್ತಾರೆ. ಧ್ರುವಪ್ರದೇಶದ ಶೋಧಕರೆಂದು ಲೋಕಪ್ರಸಿದ್ಧರಾದ ನಾರ್ವೆಯ ಫ್ರಿಡ್‌ಟ್ಯೋಫ್ ನಾನ್ಸೆನ್ ಅವರು ಯೂರೋಪಿನ ಸಹಾಯಕಾರ್ಯದ ನಾಯಕತ್ವವನ್ನು ವಹಿಸಿದರು. ಅಮೆರಿಕೆಯವರ ಸಹಾಯಸಂಸ್ಥೆಯು ಎಲ್ಲರಿಗಿಂತ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿತು. 1922ರ ಆಗಸ್ಟಿನಲ್ಲಿ ಅದು ಒಂದು ಕೋಟಿಯಷ್ಟು ಜನರಿಗೆ ಆಹಾರ ಕೊಡುತ್ತಿತ್ತು. ಇಂಗ್ಲೆಂಡಿನ ಮಕ್ಕಳ ನಿಧಿಯ ಪಾಲಿಗೆ ಬಂದದ್ದು ಸಾರಾಟೋವ್ ಪ್ರಾಂತ.

1921ನೆಯ ಸೆಪ್ಟೆಂಬರಿನಲ್ಲಿ ‘ಟೋರ್ಸೆಲ್ಲೊ’ ಎಂಬ ಹಡಗು 600 ಟನ್ ಸಾಮಗ್ರಿಯನ್ನು ಹೊತ್ತು ಲಂಡನ್ನಿನಿಂದ ಹೊರಟಿತು. ಚಳಿಗಾಲ ಕಾಲಿಡುವ ಹೊತ್ತಿಗೆ ಸಾರಾಟೋವಿನಲ್ಲಿ ಅಡಿಗೆಮನೆಗಳು ತೆರೆದವು. ಅವುಗಳ ವ್ಯವಸ್ಥೆಯನ್ನು ಗಮನಿಸಬೇಕು. ಊರೂರಿನಲ್ಲಿಯೂ ಸ್ಥಳೀಯರ ಸಮಿತಿ. ಆ ಸಮಿತಿ ತೀರ ಬಡವಾದ ಮಕ್ಕಳ ಪಟ್ಟಿಯನ್ನು ಮಾಡಬೇಕು. ಪಟ್ಟಿಯಲ್ಲಿರುವ ಮಗುವಿಗೆ ಒಂದು ಚೀಟಿ. ಚೀಟಿಯನ್ನು ತಂದ ಮಗು ಅಲ್ಲಿಯೇ ಕುಳಿತು ಉಣ್ಣಬೇಕು, ಮನೆಗೆ ಒಯ್ಯಕೂಡದು. ಕೇಳುವುದಕ್ಕೆ ಈ ನಿಯಮ ಕಠಿಣವಾಗಿದೆ. ಮನೆಯಲ್ಲಿ ತಾಯಿ ಹಸಿದಿರುವಾಗ ಮಗು ಒಂದೇ ತಿನ್ನುವುದು ಹೇಗೆ? ಆದರೆ ಮನೆಗೆ ಹೋದ ಒಂದು ಬಟ್ಟಲು ಗಂಜಿ ಐದು ಜನಕ್ಕೆ ಹಂಚಿಹೋದರೆ ಐವರಲ್ಲಿ ಒಬ್ಬರೂ ಉಳಿಯುವುದಿಲ್ಲ. ಇರುವುದು ಇಷ್ಟೇ, ಇಷ್ಟರಲ್ಲಿ ಎಷ್ಟು ಜೀವ ಉಳಿದೀತು ಎಂದು ಲೆಕ್ಕ ಹಾಕಬೇಕಾದವರ ಸಂಕಟವನ್ನು ನಾವು ಊಹಿಸಿಕೊಳ್ಳಬೇಕು. ಆ ಲೆಕ್ಕವನ್ನು ಹಾಕುವ ಧೈರ್ಯವಿಲ್ಲದ ಕರುಣೆ ಕಣ್ಣೀರಿನಲ್ಲಿಯೇ ಮುಗಿದುಹೋಗುತ್ತದೆ. ಕೆಲಸವು ಉಚ್ಚಸ್ಥಿತಿಯಲ್ಲಿದ್ದಾಗ ಸುಮಾರು ಮೂರು ಲಕ್ಷ ಮಕ್ಕಳು ನಿತ್ಯವೂ ಈ ಅಡಿಗೆಮನೆಗಳಲ್ಲಿ ಉಣ್ಣುತ್ತಿದ್ದರು.

ಇಷ್ಟಾದರೂ ಎಲ್ಲರೂ ಮೆಚ್ಚಲಿಲ್ಲ. “ಮನೆ ಗೆದ್ದು ಮಾರು ಗೆಲ್ಲು” ಎಂದು ನಮ್ಮಲ್ಲಿ ಗಾದೆಯುಂಟಷ್ಟೆ. ಇದೇ ಭಾವನೆಯನ್ನು ಹಿಡಿದು ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆ ನಿಧಿಯನ್ನು ಕಟುವಾಗಿ ಟೀಕಿಸಿತು. ಇಂಗ್ಲೆಂಡಿನಲ್ಲಿಯೇ ನಿರುದ್ಯೋಗಿಗಳ ಮಕ್ಕಳು ಹಸಿದಿರುವಾಗ ಬೋಲ್ಷೆವಿಕರ ಮಕ್ಕಳಿಗೆ ಊಟವೇಕೆ? ಅಲ್ಲಿ ಬರ ಬಿದ್ದಿರುವುದು ಅಷ್ಟರಮಟ್ಟಿಗೆ ನಿಜವೆ? ನಿಧಿಯವರು ಈ ಸಂಶಯಕ್ಕೆ ಮಾತಿನಿಂದ ಉತ್ತರ ಹೇಳಲಿಲ್ಲ. ಒಬ್ಬ ಛಾಯಾಗ್ರಾಹಕರನ್ನು ರಷ್ಯಾಕ್ಕೆ ಕಳುಹಿಸಿ ಬರದ ಪ್ರದೇಶದ ಚಲಚ್ಚಿತ್ರವನ್ನು ತೆಗೆಯಿಸಿ ಊರೂರುಗಳಲ್ಲಿ ತೋರಿಸಿದರು. ಕಂಡವರು ಮತ್ತೆ ಸಂಶಯಪಡಲಿಲ್ಲ. ಮನೆಯ ಮಕ್ಕಳನ್ನೂ ಅವರು ಮರೆಯಲಿಲ್ಲ. 1930ರ ದಶಕದಲ್ಲಿ ನಿರುದ್ಯೋಗದಿಂದ ಬಳಲಿದ ಬ್ರಿಟನ್ನಿನ ಪ್ರದೇಶಗಳಲ್ಲಿ ನಿಧಿಯು ಶಿಶುವಿಹಾರಗಳನ್ನು ತೆರೆಯಿತು. ಪರರ ಮಗುವಿಗೆ ಕರಗುವ ಮನಸ್ಸು ತನ್ನ ನೆರೆಯ ಮಗುವಿಗೆ ಕಲ್ಲಾಗುವುದಿಲ್ಲ.

ರಷ್ಯಾದ ಅನುಭವದಿಂದ ಜೆಬ್ ಅವರ ಮನಸ್ಸಿನಲ್ಲಿ ಒಂದು ಯೋಚನೆ ಬಲಿಯಿತು. ವಿಪತ್ತು ಬಂದಾಗ ಓಡಿಹೋಗಿ ಅನ್ನವಿಕ್ಕುವುದು ಅವಶ್ಯವೇ. ಆದರೆ ದಾನಿಯ ಮನಸ್ಸು ಇಂದು ಕರಗುತ್ತದೆ, ನಾಳೆ ಬೇಸರಪಡುತ್ತದೆ. ಮಗುವಿನ ಬದುಕು ಹೀಗೆ ಪರರ ಮನಸ್ಸಿನ ಏರಿಳಿತಕ್ಕೆ ಸಿಕ್ಕಿಬಿದ್ದಿರಬೇಕೆ? ಅದಕ್ಕೆ ಭಿಕ್ಷೆಯ ಬದಲು ಹಕ್ಕು ಇರಬಾರದೆ? ಈ ಯೋಚನೆಯಿಂದ ಹುಟ್ಟಿದ್ದೇ ಜಿನೀವಾದ ‘ಮಕ್ಕಳ ಹಕ್ಕುಗಳ ಘೋಷಣೆ’. 1923ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಅದನ್ನು ಅಂಗೀಕರಿಸಿತು. ಬಾನುಲಿಯ ಶ್ರೋತೃಗಳಾದ ತಮಗೆ ಇಷ್ಟವಾಗಬಹುದಾದ ಸಂಗತಿಯೊಂದುಂಟು: 1923ನೆಯ ನವೆಂಬರಿನಲ್ಲಿ ಈ ಘೋಷಣೆಯನ್ನು ಪ್ಯಾರಿಸ್ಸಿನ ಐಫೆಲ್ ಗೋಪುರದ ಆಕಾಶವಾಣಿಯಿಂದ ಓದಿ ಸಾರಿದರು. ಮುಂದಿನ ವರ್ಷ, 1924ನೆಯ ಸೆಪ್ಟೆಂಬರ್ 26ರಂದು, ರಾಷ್ಟ್ರಗಳ ಸಂಘವು ಅದನ್ನು ತನ್ನದಾಗಿ ಮಾಡಿಕೊಂಡಿತು.

ಘೋಷಣೆ ಬಹು ಚಿಕ್ಕದು, ಐದೇ ಅಂಶಗಳು. ಮಗುವಿನ ದೇಹವೂ ಆತ್ಮವೂ ಸಹಜವಾಗಿ ಬೆಳೆಯುವುದಕ್ಕೆ ಬೇಕಾದ ಸಾಧನಗಳನ್ನು ಒದಗಿಸಬೇಕೆಂಬುದು ಮೊದಲನೆಯದು. ಹಸಿದ ಮಗುವಿಗೆ ಊಟ, ರೋಗಿಯಾದದ್ದಕ್ಕೆ ಶುಶ್ರೂಷೆ, ಹಿಂದುಳಿದದ್ದಕ್ಕೆ ನೆರವು, ದಾರಿ ತಪ್ಪಿದ್ದಕ್ಕೆ ತಿದ್ದುಪಾಡು, ಅನಾಥವಾದದ್ದಕ್ಕೆ ಆಶ್ರಯ ಇವು ಎರಡನೆಯದು. ಆಪತ್ಕಾಲದಲ್ಲಿ ಮೊದಲ ನೆರವು ಮಗುವಿಗೇ ಸಲ್ಲಬೇಕೆಂಬುದು ಮೂರನೆಯದು. ಜೀವನೋಪಾಯವನ್ನು ಕಲಿಸಿ, ದುಡಿಸಿಕೊಳ್ಳುವವರ ಶೋಷಣೆಯಿಂದ ಕಾಪಾಡಬೇಕೆಂಬುದು ನಾಲ್ಕನೆಯದು. ಐದನೆಯದು, ತನ್ನ ಶಕ್ತಿಯು ತನ್ನ ಸಹಮಾನವರ ಸೇವೆಗಾಗಿ ಇರುವುದೆಂಬ ಅರಿವಿನಲ್ಲಿ ಮಗುವನ್ನು ಬೆಳಸಬೇಕೆಂಬುದು. ಜನಾಂಗ, ರಾಷ್ಟ್ರ, ಮತ ಇವುಗಳ ಭೇದವನ್ನು ಎಣಿಸದೆ ಇದನ್ನೆಲ್ಲ ನಡಸಬೇಕೆಂದು ಪೀಠಿಕೆ ಹೇಳುತ್ತದೆ. ಹೆಸರು ಹಕ್ಕುಗಳ ಘೋಷಣೆ. ಓದಿನೋಡಿದರೆ ಅದರಲ್ಲಿರುವುದು ದೊಡ್ಡವರ ಕರ್ತವ್ಯಗಳ ಪಟ್ಟಿ. ಕಡೆಯ ಅಂಶವನ್ನು ವಿಶೇಷವಾಗಿ ಮನನ ಮಾಡಬೇಕು. ಇಂದು ಪಡೆಯುವ ಮಗು ನಾಳೆ ಕೊಡುವವನಾಗಬೇಕು. ಹಾಗಾದಾಗ ಮಾತ್ರ ದಾನದ ಋಣ ತೀರುತ್ತದೆ.

ಜೆಬ್ ಅವರ ಆರೋಗ್ಯ ಬಹುಕಾಲದಿಂದ ಕೆಟ್ಟಿತ್ತು. ಗಂಟಲಿನ ಥೈರಾಯಿಡ್ ಗ್ರಂಥಿಯ ರೋಗ ಆಕೆಯನ್ನು ಬಳಲಿಸುತ್ತಿತ್ತು. 1928ನೆಯ ಡಿಸೆಂಬರ್ 17ರಂದು ಜಿನೀವಾದಲ್ಲಿ ಆಕೆ ತೀರಿಕೊಂಡರು. ಆಗ ವಯಸ್ಸು 52. ನಿಧಿಗಾಗಿ ಆಕೆ ದುಡಿದದ್ದು ಹತ್ತು ವರ್ಷವೂ ತುಂಬಲಿಲ್ಲ.

ಸ್ಥಾಪಕರ ಕಾಲಾನಂತರ ಸಂಸ್ಥೆ ಅಳಿಯಲಿಲ್ಲ. 1932ರಲ್ಲಿ ಅಮೆರಿಕೆಯಲ್ಲಿ ಅದೇ ಹೆಸರಿನ ಸಂಘ ಹುಟ್ಟಿ, ಕೆಂಟಕಿಯ ಬೆಟ್ಟದ ಸೀಮೆಯ ಬಡ ಮಕ್ಕಳ ಸೇವೆಯನ್ನು ಕೈಗೊಂಡಿತು. ಎರಡನೆಯ ಮಹಾಯುದ್ಧದ ತರುವಾಯ ಮತ್ತೆ ಯೂರೋಪಿನ ನಿರಾಶ್ರಿತ ಮಕ್ಕಳ ಕೆಲಸ ಬಂದಿತು. ಕ್ರಮೇಣ ಏಷ್ಯಾ, ಆಫ್ರಿಕಾ ಖಂಡಗಳಿಗೂ ಹಬ್ಬಿತು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದರ ಕಾರ್ಯ ನಡೆದಿದೆ. ಜೆಬ್ ಅವರ ಐದು ಅಂಶಗಳು 1959ನೆಯ ನವೆಂಬರ್ 20ರಂದು ವಿಶ್ವಸಂಸ್ಥೆಯ ಹತ್ತು ತತ್ತ್ವಗಳಾದವು. 1978ರಲ್ಲಿ ಪೋಲೆಂಡ್ ದೇಶವು ತಂದ ಸಲಹೆಯ ಮೇಲೆ, 1989ನೆಯ ನವೆಂಬರ್ 20ರಂದು 54 ವಿಧಿಗಳುಳ್ಳ ಒಡಂಬಡಿಕೆಯಾದವು. ಒಮ್ಮೆ ನೆರವು ಪಡೆದ ಮಧ್ಯ ಯೂರೋಪಿನ ಒಂದು ನಾಡಿನಿಂದಲೇ ಈ ಸಲಹೆ ಬಂದದ್ದು ಉಚಿತವಾಗಿದೆ. ಭಾರತವು 1992ನೆಯ ಡಿಸೆಂಬರ್ 11ರಂದು ಈ ಒಡಂಬಡಿಕೆಗೆ ಸೇರಿತು. ಆದುದರಿಂದ ಟ್ರಫಾಲ್ಗರ್ ಚೌಕದ ಆ ಕರಪತ್ರಕ್ಕೂ ನಮ್ಮ ಹಳ್ಳಿಯ ಶಾಲೆಯ ಮಗುವಿಗೂ ಒಂದು ಸಂಬಂಧ ಏರ್ಪಟ್ಟಿದೆ.

ಇಂತಹ ಸಂಸ್ಥೆಗಳಲ್ಲಿ ಕುಂದಿಲ್ಲವೆಂದು ಹೇಳಲಾಗದು. ಮಗುವಿನ ದೈನ್ಯದ ಚಿತ್ರವನ್ನು ತೋರಿಸಿ ಹಣ ಕೂಡಿಸುವುದು ಆ ಮಗುವಿನ ಮಾನಕ್ಕೆ ಕುಂದಲ್ಲವೆ ಎಂಬ ಪ್ರಶ್ನೆ 1919ರ ಕರಪತ್ರದಿಂದ ಇಂದಿನವರೆಗೆ ಬಗೆಹರಿದಿಲ್ಲ. ಸ್ವಯಂಸೇವಕರ ಸಂಘವು ಬೆಳೆದು ಕಛೇರಿಯಾದಾಗ ಕಡತಗಳ ಕೆಳಗೆ ಕರುಣೆ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಈ ಪ್ರಶ್ನೆಗಳನ್ನು ಕೇಳುತ್ತಲೇ ಇರಬೇಕು. ಆದರೆ ಪ್ರಶ್ನೆ ಕೇಳುವವನ ಹೊಟ್ಟೆ ತುಂಬಿದೆಯೆಂಬುದನ್ನೂ, ಅಡಿಗೆಮನೆಯ ಬಾಗಿಲಲ್ಲಿ ಚೀಟಿ ಹಿಡಿದು ನಿಂತ ಮಗು ಉತ್ತರಕ್ಕಾಗಿ ಕಾಯಲಾರದೆಂಬುದನ್ನೂ ಮರೆಯಬಾರದು.

ಯುದ್ಧಗಳು ಲೋಕದಿಂದ ತೊಲಗಿಲ್ಲ. ಒಂದೊಂದು ಯುದ್ಧದಲ್ಲಿಯೂ ಇದು ಯಾರ ಕಡೆಯ ಮಗು ಎಂದು ಕೇಳುವವರು ಇದ್ದೇ ಇರುತ್ತಾರೆ. ದ್ವೇಷವು ಇನ್ನೂ ಆರದಿದ್ದಾಗ, ತನ್ನ ದೇಶದವರ ನಿಂದೆಯನ್ನೂ ದಂಡನೆಯನ್ನೂ ತಲೆಯ ಮೇಲೆ ಹೊತ್ತು, ಮಗುವಿಗೆ ಕಡೆಯೆಂಬುದಿಲ್ಲ ಎಂದು ಒಬ್ಬ ಮಹಿಳೆ ಹೇಳಿದರು. ಹೇಳಿದ್ದನ್ನು ಗಂಜಿಯ ಬಟ್ಟಲಿನಲ್ಲಿಯೂ ಲೆಕ್ಕದ ಪುಸ್ತಕದಲ್ಲಿಯೂ ಕೊನೆಗೆ ರಾಷ್ಟ್ರಗಳ ಒಡಂಬಡಿಕೆಯಲ್ಲಿಯೂ ನಿಲ್ಲಿಸುವ ದಾರಿಯನ್ನು ತೋರಿಸಿದರು. ಆ ದಾರಿಯಲ್ಲಿ ನಡೆಯುವವರ ಸಂಖ್ಯೆ ಹೆಚ್ಚಲಿ ಎಂದು ಹಾರೈಸಿ ಈ ಭಾಷಣವನ್ನು ಮುಗಿಸುತ್ತೇನೆ.